ನಿಮ್ಮ ಮೂಲ ಊರು ಯಾವುದು

ಮುಂಗಾಣಿಗೆ ಮಳೆಯ ಗೊಡವೆ ಇರಲಿಲ್ಲ. ಮಳೆ ಹೇಳುವ ಯಂತ್ರಗಳು ಬೇರೆ ಇದ್ದವು, ಅವನ್ನು ಯಾರೂ ನಂಬುತ್ತಿರಲಿಲ್ಲ. ಮುಂಗಾಣಿ ಹೇಳುತ್ತಿದ್ದುದು ಕೊಳ್ಳ ಪ್ರಾಧಿಕಾರದ ಮನಸ್ಸನ್ನು. ವಲಸಿಗರ ಕಾಗದಪತ್ರದ ನಿಯಮ ಮುಂದಿನ ಆರು ತಿಂಗಳಲ್ಲಿ ಬದಲಾಗುತ್ತದೆಯೇ, ಆದರೆ ಹೇಗೆ, ನೂರಕ್ಕೆ ಎಷ್ಟು ಪಾಲು ಸಂಭವ, ಇಷ್ಟೇ ಅದರ ವಿದ್ಯೆ. ಬೆಳಗಾವಿಯ ಕಾರ್ಖಾನೆಯವರು ಅದರ ಮಾತನ್ನು ದೇವರ ಅಪ್ಪಣೆಯಂತೆ ನಂಬುತ್ತಿದ್ದರು.

ನದಿಗಳು ಬಡವಾದ ಮೇಲೆ ಬಂದ ಕೊಳ್ಳಗಳ ಕಾಯ್ದೆಗೆ ಆಗ ಇಪ್ಪತ್ತೆರಡು ವರ್ಷ. ಬಿದ್ದ ನೀರು ಯಾವ ಹೊಳೆಗೆ ಹರಿಯುತ್ತದೋ ಆ ಹೊಳೆಯ ಕೊಳ್ಳವೇ ಒಂದು ನಾಡು ಎಂದಿತ್ತು ಕಾಯ್ದೆ. ಬೆಳಗಾವಿ ಘಟಪ್ರಭಾ ಕೊಳ್ಳಕ್ಕೆ ಬಿತ್ತು, ಇಂಡಿ ಭೀಮಾ ಕೊಳ್ಳಕ್ಕೆ. ಒಂದು ಕೊಳ್ಳದವರು ಇನ್ನೊಂದರಲ್ಲಿ ದುಡಿಯಬೇಕಾದರೆ ನೆಲೆಪತ್ರ ಬೇಕು, ಅದಕ್ಕೆ ಮಾಲೀಕ ಜಾಮೀನು ನಿಲ್ಲಬೇಕು. ಆದರೆ ಹತ್ತು ವರ್ಷ ಒಂದೇ ಕಡೆ ನೆಲೆಸಿದವರು ಅಲ್ಲಿಯವರೇ ಎಂದೂ ಅದೇ ಕಾಯ್ದೆ ಹೇಳಿತ್ತು. ಆ ಒಂದು ಸಾಲನ್ನು ನಂಬಿಕೊಂಡು ಅರ್ಧ ಬೆಳಗಾವಿ ನಿಶ್ಚಿಂತೆಯಿಂದ ನಿದ್ದೆ ಮಾಡುತ್ತಿತ್ತು.

ಇಂಡಿ ಎಂಬ ಅಡ್ಡಹೆಸರಿನ ಮಂದಾಕಿನಿ ಕೆಲಸ ಮಾಡುತ್ತಿದ್ದುದು ಉದ್ದಿಮೆದಾರರ ಸಂಘದ ಕಟ್ಟಡದ ಮೂರನೆಯ ಮಹಡಿಯಲ್ಲಿ. ಬಾಗಿಲ ಮೇಲೆ ‘ಮುನ್ಸಿದ್ಧತಾ ಕೊಠಡಿ’ ಎಂಬ ಫಲಕ. ಒಳಗೆ ಗೋಡೆಯಗಲದ ಪರದೆ, ಅದರ ನಡುವೆ ಒಂದೇ ಒಂದು ದೊಡ್ಡ ಅಂಕಿ. ಯಂತ್ರದ ಉಸ್ತುವಾರಿ ಎಂಜಿನಿಯರ್ ರುದ್ರಗೌಡ ಇಂಚಲರದು. ಅವರಿಗೆ ಯಂತ್ರದ ಭಾಷೆ ಬರುತ್ತಿತ್ತು, ಮನುಷ್ಯರ ಭಾಷೆ ಅಷ್ಟಕ್ಕಷ್ಟೆ. ಪ್ರಾಧಿಕಾರದ ಕಾಗದಗಳ ಕಬ್ಬಿಣದ ಕಡಲೆಯಂಥ ಕನ್ನಡವನ್ನು ಕಾರ್ಮಿಕರಿಗೆ ತಿಳಿಯುವ ಕನ್ನಡ ಮಾಡುವುದು ಮಂದಾಕಿನಿಯ ಪಾಲಿಗೆ ಬಂದಿತ್ತು. ಆ ಕೆಲಸದ ಬಗ್ಗೆ ಅವಳಿಗೆ ಹೆಮ್ಮೆ ಇತ್ತು. ಇರಬಾರದೇಕೆ, ಓದಿದ ಕೂಡಲೇ ಅರ್ಥವಾಗುವ ಸರಕಾರಿ ವಾಕ್ಯ ಬರೆಯಬಲ್ಲವರು ಆ ಊರಲ್ಲಿ ಅವಳೊಬ್ಬಳೇ.

ಅಂದು ಪರದೆಯ ಮೇಲೆ ಮೂವತ್ತೊಂದು ಎಂದಿತ್ತು. ಹತ್ತು ವರ್ಷದ ನಿಯಮ ಹೋಗಿ, ಯಾರ ಮೂಲ ಯಾವ ಕೊಳ್ಳದ್ದೋ ಅದೇ ಲೆಕ್ಕಕ್ಕೆ ಬರುವ ಸಂಭವ ನೂರಕ್ಕೆ ಮೂವತ್ತೊಂದು. ಸಂಘದ ಅಧ್ಯಕ್ಷರಾದ ಬಾಳಾಸಾಹೇಬ ಮುತಗಿ ಪರದೆಯ ಮುಂದೆ ಕುರ್ಚಿ ಹಾಕಿಸಿಕೊಂಡು ಕೂತಿದ್ದರು. ಪಂಪಿನ ಎರಕ ಹೊಯ್ಯುವ ದೊಡ್ಡ ಕಾರ್ಖಾನೆ ಅವರದು. ಮಂದಾಕಿನಿಯ ಗಂಡ ಮೌನೇಶ ಅಲ್ಲಿಯೇ ಇಪ್ಪತ್ತು ವರ್ಷದಿಂದ ಪ್ಯಾಟರ್ನ್ ಮಾಡುತ್ತಿದ್ದ.

“ಮೂವತ್ತೊಂದಂದ್ರ ಭಾಳೇನಲ್ಲ ಬಿಡ್ರಿ,” ಅಂದರು ಮುತಗಿ.

“ಭಾಳ ಅಲ್ರಿ ಸಾವ್ಕಾರ್ರ. ಆದ್ರ ನಿಯಮ ಬಂದ ಮ್ಯಾಲೆ ಪಟ್ಟಿ ಮಾಡಾಕ ಕುಂತ್ರ ಹೊತ್ತಾಗತೈತಿ,” ಅಂದರು ಇಂಚಲ. “ಯಾರ್ ಯಾರ ಮೂಲ ಎಲ್ಲಿದು ಅಂತ ಈಗ ಒಂದು ಫಾರ್ಮ್ ತುಂಬಿಸಿ ಇಟ್ಕೊಂಡ್ರಾತು. ಸಿದ್ಧ ಇರೂದ್ರಾಗ ತಪ್ಪೇನೈತಿ?”

ಸಿದ್ಧವಿರುವುದರಲ್ಲಿ ತಪ್ಪೇನಿದೆ. ಆ ಕೊಠಡಿಯಲ್ಲಿ ದಿನಕ್ಕೆ ಹತ್ತು ಸಲ ಕೇಳುವ ಮಾತು ಅದು. ಹಾಗೆ ಕೇಳಿದರೆ ಯಾರಾದರೂ ಏನು ಹೇಳಿಯಾರು? ತಪ್ಪಿಲ್ಲ ಅಂದರು ಮುತಗಿ. ಮಂದಾಕಿನಿಯೂ ತಲೆಯಾಡಿಸಿದಳು.

ಪ್ರಾಧಿಕಾರದ ಮಾದರಿಯಲ್ಲಿ ಆ ಪ್ರಶ್ನೆ ಹೀಗಿತ್ತು: ‘ಘೋಷಕನ ಮೂಲ ವಾಸಸ್ಥಾನದ ಕೊಳ್ಳವಾರು ವಿವರ.’ ಓದಿದರೆ ಎದೆ ಒಡೆಯುವಂತಿತ್ತು. ಕುಲುಮೆಯ ಮುಂದೆ ನಿಂತು ಬೆವರುವವರಿಗೆ ಇದನ್ನು ಕೊಟ್ಟರೆ ಹೆದರಿ ಕಾಗದ ಹರಿದಾರು ಎಂದು ಅವಳಿಗೆ ಅನಿಸಿತು. ಅರ್ಧ ದಿನ ಯೋಚಿಸಿ, ಹೊಡೆದು ತಿದ್ದಿ, ಕೊನೆಗೆ ಬರೆದಳು: ‘ನಿಮ್ಮ ಮೂಲ ಊರು ಯಾವುದು?’

ಬಸ್ಸಿನಲ್ಲಿ ಪಕ್ಕ ಕೂತವರು ಕೇಳುವ ಹಾಗಿತ್ತು. ಇಂಚಲ ಓದಿ, “ನನಗೂ ತಿಳೀತ ನೋಡವ್ವಾ,” ಅಂದರು. ಅವರ ಬಾಯಲ್ಲಿ ಅದು ದೊಡ್ಡ ಹೊಗಳಿಕೆ.

ಆ ಫಾರ್ಮು ಗುರುವಾರ ಅವಳ ಮನೆಗೇ ಬಂತು. ಮೌನೇಶ ಸಂಜೆ ಕೈಕಾಲು ತೊಳೆದು ಕೂತವನು, ಅಂಗಿಯ ಜೇಬಿನಿಂದ ಮಡಿಸಿದ ಕಾಗದ ತೆಗೆದು ಹೆಂಡತಿಯ ಮುಂದೆ ಇಟ್ಟ. ಅವನ ಬೆರಳ ತುದಿಗಳಲ್ಲಿ ಅಂಟಿನ ಪದರ ಇನ್ನೂ ಹೋಗಿರಲಿಲ್ಲ. ಎರಕದ ಕೆಲಸದಲ್ಲಿ ಎಲ್ಲಕ್ಕಿಂತ ಮೊದಲು ಬೇಕಾದದ್ದು ಪ್ಯಾಟರ್ನ್, ಅಂದರೆ ಕಟ್ಟಿಗೆಯಲ್ಲಿ ಕಡೆದ ನಮೂನೆ. ಅದನ್ನು ಮರಳಿನಲ್ಲಿ ಒತ್ತಿ, ಆದ ಕುಳಿಗೆ ಕರಗಿದ ಕಬ್ಬಿಣ ಹೊಯ್ಯುತ್ತಾರೆ. ಸಣ್ಣ ನಮೂನೆಗಳನ್ನು ಯಂತ್ರಗಳೇ ಮಾಡುವ ಕಾಲ ಬಂದಿದ್ದರೂ, ದೊಡ್ಡ ಪಂಪಿನ ಹೊಟ್ಟೆಯ ಒಳಸುರುಳಿಗೆ ಮೌನೇಶನ ಕೈಯೇ ಆಗಬೇಕಿತ್ತು.

“ನಿನ್ನ ಫಾರ್ಮ್ ಅಂತಲ್ಲ ಇದು. ನೀನ ತುಂಬು,” ಅಂದ.

ಹೆಸರು, ವಯಸ್ಸು, ಕೆಲಸ ಎಲ್ಲ ಬರೆದು ಅವಳು ತಾನು ಬರೆದ ಪ್ರಶ್ನೆಯ ಹತ್ತಿರ ಬಂದಳು. ಪೆನ್ನು ಸ್ವಲ್ಪ ನಿಂತಿತು. “ಬೆಳಗಾವಿ ಅಂತ ಬರೀಲೇನ್ರಿ?”

ಬಾಗಿಲ ಬಳಿ ಮೆಂತೆ ಸೋಸುತ್ತಿದ್ದ ಅತ್ತೆ ನೀಲವ್ವ ತಲೆ ಎತ್ತಿದಳು. “ಬೆಳಗಾವಿ ಹೆಂಗಾಗತೈತವಾ? ನಮ್ಮ ಅಡ್ಡಹೆಸರ ಇಂಡಿ. ಮನಿದೇವರು ಕಾಳಮ್ಮ ಕುಂತಿದ್ದು ಇಂಡ್ಯಾಗ. ಮನಿದೇವರು ಎಲ್ಲಿ ಐತಿ, ಅದ ಮೂಲ.”

“ಅತ್ತಿ, ನೀವು ಒಮ್ಮೆನಾರ ಇಂಡಿಗೆ ಹೋಗೀರೇನ್ರಿ?”

“ಹೋಗದಿದ್ರೇನಾತು? ಅಕಿ ಅಲ್ಲಿ ಅದಾಳಿಲ್ಲೋ?”

ನೀಲವ್ವನ ಮಾವನ ಅಪ್ಪ ಯಾವುದೋ ಬರಗಾಲದಲ್ಲಿ ಬಾಚಿ ಉಳಿ ಗಂಟು ಕಟ್ಟಿಕೊಂಡು ಇಂಡಿಯಿಂದ ನಡೆದು ಬಂದವನು. ಆಮೇಲೆ ಆ ಮನೆಯಲ್ಲಿ ಯಾರೂ ಆ ಊರಿನ ದಾರಿ ತುಳಿದಿರಲಿಲ್ಲ. ವರ್ಷಕ್ಕೊಮ್ಮೆ ಕಾಯಿ ಒಡೆಯುವುದೂ ಆ ದಿಕ್ಕಿಗೆ ಮುಖ ಮಾಡಿ, ಬೆಳಗಾವಿಯ ಅಂಗಳದಲ್ಲಿಯೇ. ಆದರೂ ಮೂಲ ಅಂದರೆ ಇಂಡಿ. ನಮ್ಮ ಕಡೆ ಯಾರನ್ನು ಕೇಳಿದರೂ ಹೀಗೆಯೇ ಹೇಳುತ್ತಾರೆ, ಅದರಲ್ಲಿ ಸುಳ್ಳೂ ಇಲ್ಲ.

“ಅವ್ವ ಅಂದಂಗ ಬರಿ,” ಅಂದ ಮೌನೇಶ. “ಕೇಳಿದ್ದು ಮೂಲ ಅಲ್ಲೇನು?”

ಮಂದಾಕಿನಿಗೆ ಆ ಗಳಿಗೆಯಲ್ಲಿ ಗೊತ್ತಾಗಿತ್ತು. ಇದನ್ನು ಅವಳು ಆಮೇಲೆ ಎಷ್ಟೇ ಮರೆಯಬೇಕೆಂದರೂ ಆಗಲಿಲ್ಲ. ಈ ಉತ್ತರ ಸರಿಯಲ್ಲ, ಯಂತ್ರ ಕೇಳುತ್ತಿರುವುದು ದೇವರ ಊರನ್ನಲ್ಲ ಎಂದು ಹೊಳೆದಿತ್ತು. ಆದರೆ ಮೂವತ್ತೊಂದು ಸಣ್ಣ ಅಂಕಿ, ಅತ್ತೆಯ ಮುನಿಸು ದೊಡ್ಡದು. ಮೇಲಾಗಿ ತಾನೇ ಮಾಡಿದ ಫಾರ್ಮಿನಲ್ಲಿ ತಾನೇ ಜಾಣತನ ಮಾಡುವುದೆಂದರೆ ನಾಚಿಕೆ. ದುಂಡಗೆ ‘ಇಂಡಿ’ ಎಂದು ಬರೆದು ಕಾಗದ ಮಡಿಸಿ ಕೊಟ್ಟಳು.

ಎರಡು ವಾರಕ್ಕೆ ನಲವತ್ತಮೂರು ಕಾರ್ಖಾನೆಗಳ ಮೂರು ಸಾವಿರದ ಒಂಬೈನೂರು ಫಾರ್ಮು ಬಂದು ಸೇರಿದವು. ಅವುಗಳಲ್ಲಿ ಸಾವಿರಕ್ಕೂ ಹೆಚ್ಚು ಮಂದಿ ಕೊಳ್ಳದಾಚೆಯ ಊರು ಬರೆದಿದ್ದರು. ಇಂಚಲ ಎಲ್ಲವನ್ನೂ ಯಂತ್ರಕ್ಕೆ ಉಣಿಸಿದರು. ಊಟ ಮುಗಿಸಿ ಬಂದು ನೋಡಿದರೆ ಪರದೆಯ ಮೇಲೆ ಮೂವತ್ತೊಂದು ಹೋಗಿ ನಲವತ್ತಾರು ಬಂದಿತ್ತು.

“ಪ್ರಾಧಿಕಾರದಾಗ ಏನಾರ ಆತೇನ್ರಿ ಸರ?” ಕೇಳಿದಳು ಮಂದಾಕಿನಿ.

“ಏನೂ ಆಗಿಲ್ಲ.”

“ಮತ್ತ ಹೆಂಗ ಏರಿತ್ರಿ?”

ಇಂಚಲ ಕನ್ನಡಕ ತೆಗೆದು ಒರೆಸಿಕೊಂಡರು. ಮುಂಗಾಣಿ ನಾಲ್ಕು ಕಡೆ ಕಿವಿಯಿಟ್ಟಿರುತ್ತದೆ ಎಂದು ವಿವರಿಸಿದರು. ಅಧಿಕಾರಿಗಳ ಭಾಷಣಗಳು, ಕಚೇರಿಗಳ ಕರಡುಗಳು, ಸರಕಾರಿ ಮುದ್ರಣಾಲಯಕ್ಕೆ ಹೋದ ಕಾಗದದ ಬೇಡಿಕೆ. ನಾಲ್ಕನೆಯದು ಉದ್ದಿಮೆಗಳ ಸಿದ್ಧತೆ. ಪೇಟೆಯಲ್ಲಿ ಅಂಗಡಿಯವರು ಮಟಮಟ ಮಧ್ಯಾಹ್ನ ಬಾಗಿಲು ಎಳೆಯುತ್ತಿದ್ದರೆ ಗಲಾಟೆ ಆಗುವುದಿದೆ ಎಂದು ನಾವು ತಿಳಿಯುವುದಿಲ್ಲವೇ, ಯಂತ್ರವೂ ಹಾಗೆಯೇ.

“ಅಂದ್ರ, ಅದು ಹೇಳ್ತಂತ ನಾವು ಸಿದ್ಧ ಆದ್ವಿ. ನಾವು ಸಿದ್ಧ ಆದ್ವಿ ಅಂತ ಅದು ಮತ್ತ ಹೇಳಾಕತ್ತೈತಿ.”

“ಹೌದು.”

“ಇದು ನಿಮಗ ಮೊದಲ ಗೊತ್ತಿತ್ತೇನ್ರಿ?”

“ಯಂತ್ರ ಕೂಡಿಸಿದಾವನ ನಾನವ್ವಾ.” ಕನ್ನಡಕ ಹಾಕಿಕೊಂಡು, “ಇನ್ನೊಂದು ಐತಿ. ಪ್ರಾಧಿಕಾರದವರೂ ಇದ ಮುಂಗಾಣೀನ ನೋಡತಾರ. ಮಂದಿ ಎಷ್ಟು ತಯಾರ ಅದಾರ ಅಂತ.”

ಅವಳು ಪಟ್ಟಿಯನ್ನು ಮೇಲಿನಿಂದ ಕೆಳಗೆ ಓದುತ್ತ ಹೋದಳು. ಸಿಂದಗಿ ಎಂಬ ಅಡ್ಡಹೆಸರಿನವರು ಸಿಂದಗಿ ಬರೆದಿದ್ದರು, ಜೇವರ್ಗಿಯವರು ಜೇವರ್ಗಿ, ಜಮಖಂಡಿಯವರು ಜಮಖಂಡಿ. ಅವರಲ್ಲಿ ಎಷ್ಟೋ ಮಂದಿ ಅವಳ ಓಣಿಯವರೇ, ಅವರ ಅಜ್ಜ ಮುತ್ತಜ್ಜರು ಬೆಳಗಾವಿಯ ಮಣ್ಣಲ್ಲೇ ಮಲಗಿದ್ದರು. ದಸ್ತಗೀರ ಸಿಂದಗಿಗೆ ಸಿಂದಗಿ ಯಾವ ದಿಕ್ಕಿನಲ್ಲಿದೆ ಎಂದೂ ತಿಳಿದಿರಲಿಕ್ಕಿಲ್ಲ. ‘ಮೂಲ ವಾಸಸ್ಥಾನ’ ಎಂದು ಕೇಳಿದ್ದರೆ ಇವರೆಲ್ಲ ಗಾಬರಿಯಾಗಿ ನಾಲ್ಕು ಜನರನ್ನು ಕೇಳಿ, ಮನೆ ನಂಬರು ಸಮೇತ ಬೆಳಗಾವಿ ಬರೆಯುತ್ತಿದ್ದರು. ತಿಳಿಯದ ಕನ್ನಡ ಅವರನ್ನು ಕಾಯುತ್ತಿತ್ತು. ತಿಳಿಯುವ ಕನ್ನಡ ಬರೆದು ಅವರನ್ನೆಲ್ಲ ಹಿಡಿದು ಕೊಟ್ಟವಳು ತಾನು.

“ತಿದ್ದಬೇಕ್ರಿ ಸರ. ತಪ್ಪು ತಿಳಕೊಂಡಾರ ಎಲ್ಲಾರೂ.”

“ತಿದ್ದಬಹುದು. ಆದ್ರ ತಿದ್ದಿದವರ ಹೆಸರಿನ ಮುಂದ ಮುಂಗಾಣಿ ಕೆಂಪು ಗುರ್ತು ಹಾಕತೈತಿ. ಮೂಲ ಮರೆಮಾಚಿದವರು ಅಂತ. ಅದು ಇಂಡಿಕಿಂತ ಕೆಟ್ಟದ್ದು.”

ಅವಳು ಅವರ ಮುಖವನ್ನೇ ನೋಡಿದಳು. ಅವರ ಅಡ್ಡಹೆಸರಿನ ಇಂಚಲ ಮಲಪ್ರಭೆಯ ಸೀಮೆಯ ಊರು, ಅದೂ ಕೊಳ್ಳದಾಚೆಯದೇ. “ನಿಮ್ಮ ಫಾರ್ಮಿನ್ಯಾಗ ನೀವೇನು ಬರದೀರಿ ಸರ?”

ಅವರು ಪರದೆಯ ಕಡೆ ತಿರುಗಿಕೊಂಡರು. “ಬೆಳಗಾವಿ,” ಅಂದರು ಮೆಲ್ಲಗೆ.

ಇದರ ನಡುವೆ ಪ್ರಾಧಿಕಾರದಿಂದ ಒಂದು ಮೆಚ್ಚುಗೆಯ ಪತ್ರವೂ ಬಂತು. ಅವಳ ಫಾರ್ಮು ಅತ್ಯಂತ ಸರಳವಾಗಿದೆ, ಒಂದೂ ಖಾಲಿ ಉಳಿದಿಲ್ಲ, ಬೇರೆ ಕೊಳ್ಳಗಳ ಸಂಘದವರೂ ಅದನ್ನೇ ಬಳಸಲು ಕೇಳಿದ್ದಾರೆ ಎಂದು. ಮುತಗಿಯವರು ಅದನ್ನು ಎಲ್ಲರ ಮುಂದೆ ಓದಿಸಿದರು. ಜನ ಚಪ್ಪಾಳೆ ತಟ್ಟಿದರು, ಅವಳು ಎದ್ದು ನಿಂತು ಕೈ ಮುಗಿಯಬೇಕಾಯಿತು.

ಮುಂದಿನದು ಇಳಿಜಾರಿನ ಗಾಡಿಯಂತಾಯಿತು. ನಲವತ್ತಾರು ಎಂದು ಕೇಳಿ ಕೆಲವರು ಪಟ್ಟಿಯಲ್ಲಿದ್ದವರಿಗೆ ಹೊಸ ಕೆಲಸ ಕೊಡುವುದನ್ನು ನಿಲ್ಲಿಸಿದರು. ಅಂಕಿ ಐವತ್ತೆಂಟಾಯಿತು. ಐವತ್ತೆಂಟು ಎಂದು ಕೇಳಿ ಇನ್ನಷ್ಟು ಜನ ಅವರ ಜಾಗಕ್ಕೆ ಬೇರೆಯವರನ್ನು ಪಳಗಿಸತೊಡಗಿದರು. ಎಪ್ಪತ್ತೊಂದಾಯಿತು. ಅದು ಎಪ್ಪತ್ತೊಂದಾದ ಮರುದಿನ ಮಂದಾಕಿನಿಗೆ ವಾರದ ರಜೆ. ಮಧ್ಯಾಹ್ನ ಹನ್ನೆರಡಕ್ಕೆಲ್ಲ ಮೌನೇಶ ಉಪಕರಣಗಳ ಪೆಟ್ಟಿಗೆ ಹೊತ್ತುಕೊಂಡು ಮನೆಗೆ ಬಂದ.

ನೀಲವ್ವ ಮೊದಲು ಪೆಟ್ಟಿಗೆಯನ್ನು ನೋಡಿದಳು. “ಇದನ್ಯಾಕ ತಂದಿ? ಸಾಣಿ ಹಿಡೀಬೇಕೇನು?”

“ಇಲ್ಲಬೇ. ಇನ್ನ ಬರಬ್ಯಾಡ ಅಂದ್ರು.”

ಅವನು ಜಗಲಿಯ ಮೇಲೆ ಕೂತು ಪೆಟ್ಟಿಗೆ ತೆರೆದ. ಉಳಿಗಳನ್ನೂ ಗೀಸುಳಿಯನ್ನೂ ಒರೆಸಿ ಇಟ್ಟು, ಕೊನೆಗೆ ಫೂಟಪಟ್ಟಿ ಕೈಗೆತ್ತಿಕೊಂಡ. ಅದು ಪೇಟೆಯಲ್ಲಿ ಸಿಗುವ ಪಟ್ಟಿಯಲ್ಲ. ಕಬ್ಬಿಣ ಆರುವಾಗ ಕುಗ್ಗುತ್ತದೆ, ಅದಕ್ಕೇ ನಮೂನೆಯನ್ನು ಕೂದಲೆಳೆಯಷ್ಟು ದೊಡ್ಡದಾಗಿ ಮಾಡಬೇಕು. ಆ ಲೆಕ್ಕಕ್ಕೆ ಅವನ ಪಟ್ಟಿಯ ಒಂದು ಫೂಟು ನಿಜವಾದ ಫೂಟಿಗಿಂತ ತುಸು ಉದ್ದ. ಕಾರ್ಖಾನೆಯಲ್ಲಿ ಅದನ್ನು ಸುಳ್ಳು ಪಟ್ಟಿ ಎಂದೇ ಕರೆಯುತ್ತಿದ್ದರು.

“ನಾನೂ ಮುಂಚೆ ಸಿದ್ಧತಿ ಮಾಡಾವನ, ಮಂದಾ,” ಅಂದ ಮೌನೇಶ. ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ಅವಳಿಗೆ ತಡೆಯದಾಯಿತು. “ಕಬ್ಬಣ ಕುಗ್ಗತೈತಿ ಅಂತ ಮೊದಲ ಅದಕ್ಕ ಜಾಗಾ ಬಿಡತೀನಿ. ನೀವು ಮಂದಿನ್ನ ಮೊದಲ ಕುಗ್ಗಿಸಿಬಿಟ್ರಿ.”

“ನೀವು” ಎಂದು ಅವನು ಎಂದೂ ಅವಳನ್ನು ಕರೆದವನಲ್ಲ. ಅದು ಕೊಠಡಿಗೆ ಹೇಳಿದ್ದು, ಸಂಘಕ್ಕೆ ಹೇಳಿದ್ದು ಎಂದು ಅವಳು ಸಮಾಧಾನ ಮಾಡಿಕೊಳ್ಳಲು ನೋಡಿದಳು. ಆಗಲಿಲ್ಲ.

ಮರುದಿನ ಬೆಳಿಗ್ಗೆ ಅವಳು ಮುತಗಿಯವರ ಕಾರ್ಖಾನೆಗೇ ಹೋದಳು. ಅವರು ಎದ್ದು ಕುರ್ಚಿ ತೋರಿಸಿದರು, ಚಹ ತರಿಸಿದರು. ಕೆಟ್ಟ ಮನುಷ್ಯನಾಗಿದ್ದರೆ ಬೈದು ಬರುವ ಸುಖವಾದರೂ ಸಿಗುತ್ತಿತ್ತು.

“ಮೌನೇಶನಂಥಾ ಕೈ ನನಗ ಇನ್ನೊಂದು ಸಿಗೂದಿಲ್ಲವ್ವಾ, ನನಗ ಗೊತ್ತೈತಿ,” ಅಂದರು. “ಆದ್ರ ಎಪ್ಪತ್ತೊಂದು ಅಂತ ನಿಮ್ಮ ಯಂತ್ರನ ಹೇಳಾಕತ್ತೈತಿ. ನಾಳೆ ನಿಯಮ ಬಂದು, ಹೊರಗಿನವರನ್ನ ಇಟ್ಕೊಂಡೀಯಂತ ಕಾರ್ಖಾನಿಗೆ ಬೀಗ ಜಡದ್ರ, ಉಳದ ಇನ್ನೂರು ಮಂದಿ ಎಲ್ಲಿಗೆ ಹೋಗಬೇಕು?”

“ಅವರು ಹೊರಗಿನವರಲ್ರಿ ಸಾವ್ಕಾರ್ರ. ಇಲ್ಲೇ ಹುಟ್ಟಿದವರು. ನಿಮ್ಮ ಕೂಡ ಸಾಲಿಗೆ ಹೋದವರು.”

“ನನಗ ಗೊತ್ತೈತಿ. ಫಾರ್ಮಿಗೆ ಗೊತ್ತಿಲ್ಲಲ್ಲ.” ಅವರು ನೆಲ ನೋಡಿದರು. “ನಿಯಮ ಬರಲಿಲ್ಲಂದ್ರ ಮರದಿನಾನ ಕರಸ್ತೀನಿ. ಮಾತು ಕೊಡತೀನಿ.”

ಆ ಮಾತನ್ನು ಸೆರಗಿಗೆ ಗಂಟು ಹಾಕಿಕೊಂಡು ಅವಳು ಎರಡು ತಿಂಗಳು ಕಾದಳು. ದಿನ ಬೆಳಗಾದರೆ ಪರದೆಯ ಮುಂದೆ ನಿಂತು, ಇಳಿ ಇಳಿ ಎಂದು ಮನಸ್ಸಿನಲ್ಲೇ ಬೇಡಿಕೊಳ್ಳುತ್ತಿದ್ದಳು. ಅದು ಎಂಬತ್ತಕ್ಕೆ ಏರಿತು. ಮೌನೇಶ ಊರಿನ ಎಲ್ಲ ಫೌಂಡ್ರಿಗಳಿಗೆ ಹೋಗಿ ಬಂದ. ಎಲ್ಲರ ಹತ್ತಿರವೂ ಅದೇ ಪಟ್ಟಿ. ಕೆಲಸವಿಲ್ಲದೆ ಕೈ ಕೆಡುತ್ತದೆ ಎಂದು ಮನೆಯ ಹಳೆಯ ಮಣೆಗಳನ್ನೆಲ್ಲ ಕೆತ್ತಿ ಕೆತ್ತಿ ತೆಳ್ಳಗೆ ಮಾಡಿಟ್ಟ. ನೀಲವ್ವ ಮನೆದೇವರ ಹೆಸರು ಎತ್ತುವುದನ್ನೇ ಬಿಟ್ಟಳು.

ಆಮೇಲೆ ಒಂದು ಬುಧವಾರ ಅಂಕಿ ಬಿತ್ತು. ಮೆಲ್ಲಗೆ ಇಳಿದದ್ದಲ್ಲ, ಒಂದೇ ಸಲಕ್ಕೆ ಎಂಬತ್ತರಿಂದ ನಾಲ್ಕಕ್ಕೆ. ಹಿಂದೆಯೇ ಪ್ರಾಧಿಕಾರದ ಪ್ರಕಟಣೆ ಬಂತು. ಅದನ್ನು ತಿಳಿಗನ್ನಡ ಮಾಡಲು ಮಂದಾಕಿನಿಯ ಮೇಜಿಗೇ ಕಳಿಸಿದರು. ‘ಉದ್ದಿಮೆಗಳು ಸ್ವಯಂಪ್ರೇರಣೆಯಿಂದ ಕೈಗೊಂಡ ಕ್ರಮಗಳನ್ನು ಶ್ಲಾಘಿಸುತ್ತಾ, ಈ ಸಂಬಂಧ ಪ್ರತ್ಯೇಕ ನಿಯಮದ ಅಗತ್ಯವು ಕಂಡುಬಂದಿರುವುದಿಲ್ಲ.’ ಅವಳು ಕೆಳಗೆ ಬರೆದಳು: ‘ನೀವೇ ಮಾಡಿ ಮುಗಿಸಿದ್ದೀರಿ, ಇನ್ನು ನಾವು ಮಾಡುವುದೇನಿಲ್ಲ.’ ಬರೆದದ್ದನ್ನು ನೋಡಿ, ಹೊಡೆದು ಹಾಕಿದಳು.

ಸಂಘದಲ್ಲಿ ಬಾಯಿ ಸಿಹಿ ಮಾಡಿಕೊಳ್ಳಲು ಕುಂದಾ ಹಂಚಿದರು. ಅವಳು ಕುಂದಾದ ಬಟ್ಟಲನ್ನು ಕೈಯಲ್ಲಿ ಹಿಡಿದೇ ಮುತಗಿಯವರ ಹತ್ತಿರ ಹೋದಳು. “ನಿಯಮ ಬರಲಿಲ್ರಿ. ಮಾತು ಕೊಟ್ಟಿದ್ರಿ.”

ಮುತಗಿ ಆಚೀಚೆ ನೋಡಿದರು. “ಅವ್ವಾ, ಅದು ನಾಲ್ಕಕ್ಕ ಯಾಕ ಇಳೀತು ಹೇಳು. ನಾವ ಮೊದಲ ಮಂದೀನ ತಗದು ಮುಗಿಸೀವಿ ಅಂತ ಇಳೀತು. ಈಗ ಆ ಮಂದೀನ ತಿರಗಿ ತಗೊಂಡ್ರ ಅದು ಮತ್ತ ಏರತೈತಿ. ಖರೇ ನಿಯಮಾನ ಬಂದ್ರ? ನೀನ ವಿಚಾರ ಮಾಡು.”

ಅವಳು ವಿಚಾರ ಮಾಡಿದಳು. ಲೆಕ್ಕ ಸರಿಯಾಗಿಯೇ ಇತ್ತು. ಇಂಚಲರನ್ನು ಕೇಳಿದರೂ ಅದನ್ನೇ ಹೇಳಿದರು.

ಉಳಿದದ್ದು ಪ್ರಾಧಿಕಾರದ ಮನವಿ ಕಚೇರಿ ಒಂದೇ. ಕಿಟಕಿಯ ಆಚೆ ಕೂತ ಗುಮಾಸ್ತ ಸೌಜನ್ಯದವನು. “ಯಾವ ಆದೇಶದ ಮ್ಯಾಲೆ ಮನವಿ ಅಕ್ಕಾರ?” ಎಂದು ಕೇಳಿದ.

“ಆದೇಶ ಬಂದಿಲ್ರಿ.”

“ಯಾವ ನಿಯಮದ ಪ್ರಕಾರ ತಗದಾರ?”

“ನಿಯಮಾನೂ ಬಂದಿಲ್ರಿ.”

“ಹಂಗಾದ್ರ ರದ್ದು ಮಾಡೂದು ಏನನ್ನ?” ಅವನಿಗೆ ನಿಜವಾಗಿಯೂ ಮರುಕವಿತ್ತು. “ನಿಯಮ ಬಂದಿದ್ರ ಚಲೋ ಇತ್ರಿ. ನಿಯಮದಾಗ ಇಲ್ಲೇ ಹುಟ್ಟಿದವರಿಗೆ ವಿನಾಯಿತಿ ಕೊಡೂ ಕರಡು ಇತ್ತು ಅಂತ ಕೇಳಿದ್ದೆ.”

ಸಾಲಿನಲ್ಲಿ ಹಿಂದಿದ್ದವರು ಗೊಣಗತೊಡಗಿದ ಮೇಲೆ ಅವಳು ಕಿಟಕಿಯಿಂದ ಸರಿದುಕೊಂಡಳು.

ಮೌನೇಶ ಇಂಡಿಗೆ ಹೋಗುವುದೆಂದಾಯಿತು. ಭೀಮಾ ಕೊಳ್ಳದ ಕಡೆ ಪಂಪ್ ದುರಸ್ತಿಯ ಕಾರ್ಖಾನೆಗಳಿದ್ದವು. ಮೂಲ ಅಲ್ಲಿಯದು ಎಂದ ಮೇಲೆ ಅಲ್ಲಿಯಾದರೂ ಕಾಗದ ಕೇಳುವವರಿಲ್ಲ ಎಂದು ಅವನ ಲೆಕ್ಕ. ನೀಲವ್ವ ಒಂದು ಖಣ, ಐದು ಅಡಿಕೆ, ಒಂದು ತೆಂಗಿನಕಾಯಿ ಗಂಟು ಕಟ್ಟಿ ಅವನ ಕೈಗೆ ಕೊಟ್ಟಳು. “ಕಾಳಮ್ಮಗ ಉಡಿ ತುಂಬು. ಅಕೀಗೆ ಹೇಳು, ನಾನ ಸುಮ್ಮನ ಬಾಯಿ ಬಿಟ್ಟೆ ಅಂತ,” ಅಂದು ಕಣ್ಣು ಒರೆಸಿಕೊಂಡಳು. ಮಂದಾಕಿನಿ ಬಸ್ಸಿನವರೆಗೆ ಹೋದಳು. ದಾರಿಯುದ್ದಕ್ಕೂ ಇಬ್ಬರೂ ಬರೀ ನೀರಿನ ನಲ್ಲಿ, ಗ್ಯಾಸಿನ ಸಿಲಿಂಡರ್ ಮಾತಾಡಿದರು.

ಅಲ್ಲಿ ಅವನಿಗೆ ಕೆಲಸ ಸಿಕ್ಕಿತು. ನಮೂನೆಯ ಕೆಲಸವಲ್ಲ, ತುಕ್ಕು ತಿಕ್ಕುವ ಕೆಲಸ. ಕಾಳಮ್ಮನ ಗುಡಿಯನ್ನೂ ಹುಡುಕಿ ಉಡಿ ತುಂಬಿ ಬಂದ. ಅವನ ಮಾತಿನ ರಾಗ ಕೇಳಿ ಜೊತೆಯವರು ಅವನನ್ನು ಬೆಳಗಾವಿಯವ ಎಂದೇ ಕರೆಯುತ್ತಿದ್ದರಂತೆ. ಫೋನಿನಲ್ಲಿ ಅದನ್ನು ಹೇಳಿ ನಕ್ಕ. ಬಹಳ ದಿನದ ಮೇಲೆ ಅವನ ನಗು ಕೇಳಿ ಅವಳ ಜೀವ ತಣ್ಣಗಾಯಿತು.

ಐದನೆಯ ವಾರ, ಮಧ್ಯಾಹ್ನ ಮೂರರ ಹೊತ್ತಿಗೆ, ಅವಳು ಕೊಠಡಿಯಲ್ಲಿದ್ದಾಗ ಅವನ ಕರೆ ಬಂತು. ಇಂಚಲ ಆಗಷ್ಟೇ ಹೊಸ ಕರಡೊಂದನ್ನು ಅವಳ ಮೇಜಿನ ಮೇಲಿಟ್ಟು, ನೀರಿನ ಚೀಟಿಯ ನಿಯಮ ಬದಲಾಗುವ ಸಂಭವ ಹತ್ತೊಂಬತ್ತು, ಸಿದ್ಧವಿರುವುದರಲ್ಲಿ ತಪ್ಪೇನಿದೆ ಎಂದು ಹೇಳಿ ಹೋಗಿದ್ದರು.

“ಮಂದಾ, ಕೆಲಸದಾಗ ಅದೀ?”

“ಹೇಳ್ರಿ.”

“ಇಲ್ಲೂ ಒಂದು ಫಾರ್ಮ್ ಕೊಟ್ಟಾರ. ಸಂಜಿ ಅನ್ನೂದ್ರಾಗ ತುಂಬಿ ಕೊಡಬೇಕಂತ. ಬರೇ ಸಿದ್ಧತಿ ಸಲವಾಗಿ, ಹೆದರಬ್ಯಾಡ್ರಿ ಅಂದಾರ.” ಕಾಗದ ಸರಿದ ಸದ್ದು ಕೇಳಿತು. “ಮೂರನೇದ್ದು ನಿನ್ನ ಮಾತ ಐತಿ ನೋಡು. ಒಂದಕ್ಷರ ಬದಲ ಮಾಡಿಲ್ಲ.”

ಅವನು ನಿಧಾನವಾಗಿ, ಶಾಲೆಯ ಹುಡುಗನಂತೆ ಒಂದೊಂದೇ ಪದ ಬಿಡಿಸಿ ಓದಿದ. “ನಿಮ್ಮ, ಮೂಲ, ಊರು, ಯಾವುದು.”

ಬೆಳಗಾವಿ ಎಂದು ಬರೆದರೆ ಅವನು ಅಲ್ಲಿಗೆ ಹೊರಗಿನವನು. ಇಂಡಿ ಎಂದು ಬರೆದರೆ ಹುಟ್ಟಿದ ಕಾಗದ ಬೆಳಗಾವಿ ಎನ್ನುತ್ತದೆ, ಮೂಲ ಮರೆಮಾಚಿದನೆಂದು ಕೆಂಪು ಗುರುತು ಬೀಳುತ್ತದೆ. ಎರಡೂ ಮಂದಾಕಿನಿಗೆ ಗೊತ್ತಿತ್ತು. ಈ ಲೋಕದಲ್ಲಿ ಆ ಪ್ರಶ್ನೆಯನ್ನು ಅವಳಷ್ಟು ಚೆನ್ನಾಗಿ ಬಲ್ಲವರು ಯಾರೂ ಇರಲಿಲ್ಲ.

“ಏನ್ ಬರೀಲಿ, ಮಂದಾ?” ಅಂದ ಮೌನೇಶ. “ಕೇಳಿದಾಕಿ ನೀನ ಅಲ್ಲೇನು. ನೀನ ಹೇಳಿಬಿಡು.”

ಅವಳು ಫೋನನ್ನು ಕಿವಿಗೆ ಒತ್ತಿ ಹಿಡಿದುಕೊಂಡೇ ಇದ್ದಳು. ಆ ತುದಿಯಲ್ಲಿ ಅವನು ಪೆನ್ನು ಹಿಡಿದು ಕಾಯುತ್ತಿದ್ದ.